ಸ್ಟೆಲ್ಲಕ್ಕ ಹೆಪ್ಪು ಕೇಳಿದ್ದು

ನಾಲ್ಕನೇ ಮಹಡಿ

ಅರ್ಮೇನಿಯಾ ದೇಶದ ಯೆರೆವಾನ್ ಪಟ್ಟಣ. ಅಲ್ಲಿ ಗುಲಾಬಿ ಬಣ್ಣದ ಕಲ್ಲಿನ ಒಂದು ಹಳೇ ಕಟ್ಟಡ, ಅದರ ನಾಲ್ಕನೇ ಮಹಡಿಯ ಅಡುಗೆಮನೆ. ಮೇಜಿನ ಸುತ್ತ ನಾವು ನಾಲ್ಕು ಜನ ಹೆಂಗಸರು ಕೂತಿದ್ದೆವು. ಒಬ್ಬರು ಮನೆ ಯಜಮಾನಿ ಅನಾಹಿತ್, ಎಪ್ಪತ್ತು ದಾಟಿದ ಒಂಟಿ ಜೀವ, ಕೊರಳಲ್ಲಿ ಪುಟ್ಟ ಶಿಲುಬೆ. ಅವರೆದುರಿಗೆ ನಮ್ಮ ಮೈಸೂರಿನ ಒಂಟಿಕೊಪ್ಪಲ್ಲಿನ ಸ್ಟೆಲ್ಲಕ್ಕ, ನರ್ಸ್ ಆಗಿದ್ದು ನಿವೃತ್ತರಾದವರು, ಅವರ ಕೊರಳಲ್ಲೂ ಶಿಲುಬೆ. ಪಕ್ಕದಲ್ಲಿ ಸ್ಟೆಲ್ಲಕ್ಕನ ತಮ್ಮನ ಮಗಳು ಜೆನ್ನಿ, ಡಾಕ್ಟರಿಕೆ ಓದುವವಳು, ಆ ಮನೆಯಲ್ಲೇ ಒಂದು ರೂಮಿನಲ್ಲಿ ಬಾಡಿಗೆಗಿದ್ದವಳು. ನಾಲ್ಕನೆಯವಳು ನಾನು, ಕುವೆಂಪುನಗರದಲ್ಲಿ ಚಕ್ಕುಲಿ ಕೋಡುಬಳೆ ಮಾಡಿ ಮಾರುವ ಸಾವಿತ್ರಿ. ಮೇಜಿನ ನಡುಮಧ್ಯೆ ನಾನು ಕೈಯಾರೆ ಮಾಡಿ, ಸಮುದ್ರ ದಾಟಿಸಿ ತಂದ ಮೈಸೂರುಪಾಕಿನ ಡಬ್ಬ.

ಡಬ್ಬದ ಮುಚ್ಚಳ ತೆಗೆದಾಗ ತುಪ್ಪದ ಘಮ ಮನೆಯಿಡೀ ತುಂಬಿತು. ನಾಲ್ಕೂ ಜನ ಮೂಗರಳಿಸಿದೆವು. ಒಬ್ಬರೂ ಕೈ ಹಾಕಲಿಲ್ಲ.

ಅನಾಹಿತ್ ಈಸ್ಟರಿನ ಮುಂಚಿನ ಉಪವಾಸದಲ್ಲಿದ್ದರು. ಅಲ್ಲಿಯ ಉಪವಾಸವೆಂದರೆ ಹಾಲು, ತುಪ್ಪ, ಮೊಟ್ಟೆ ಯಾವುದನ್ನೂ ಮುಟ್ಟುವ ಹಾಗಿಲ್ಲ. ಸ್ಟೆಲ್ಲಕ್ಕನಿಗೂ ಅದೇ ತಪಸ್ಸು ಕಾಲ. ಅವರು ಸಿಹಿ ಬಿಟ್ಟಿದ್ದರು. ನನಗೆ ಸಕ್ಕರೆ ಕಾಯಿಲೆ. ಉಳಿದವಳು ಜೆನ್ನಿ. ಅವಳು ಹೇಳಿದಳು, "ಬೇಡ ಆಂಟಿ, ಸಾಕು."

"ಇನ್ನೂ ತಿಂದೇ ಇಲ್ಲವಲ್ಲೇ, ಸಾಕು ಅಂದ್ರೆ ಏನೇ?" ಎಂದೆ.

"ಅವಳು ಹಂಗೇ ಕಣೆ. ಆಸೆಯಿಲ್ಲದ ಕೂಸು" ಎಂದರು ಸ್ಟೆಲ್ಲಕ್ಕ, ಹೆಮ್ಮೆಯಿಂದ.

ಅನಾಹಿತ್ ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿ, ನಿಟ್ಟುಸಿರು ಬಿಟ್ಟು, ಡಬ್ಬ ಎತ್ತಿಕೊಂಡು ಮೇಲಿನ ಮಹಡಿಗೆ ಹೊರಟರು.

ಒಂಟಿಕೊಪ್ಪಲ್

ಇಷ್ಟು ದೂರ ನಾವು ಊರು ನೋಡಲು ಹೋದದ್ದಲ್ಲ. ಜೆನ್ನಿಯ ರೂಮು ಉಳಿಸಲು ಹೋದದ್ದು.

ಸ್ಟೆಲ್ಲಕ್ಕನನ್ನು ನಾನು ಅರಿತದ್ದು ನಮ್ಮತ್ತೆ ಹಾಸಿಗೆ ಹಿಡಿದಾಗ. ದಿನಾ ಬಂದು ಮೈ ಒರೆಸಿ, ಹುಣ್ಣಿಗೆ ಮದ್ದು ಹಾಕಿ ಹೋಗುತ್ತಿದ್ದರು. ಒಂದು ಲೋಟ ಕಾಫಿ ಕೊಟ್ಟರೆ, "ಈಗ ತಾನೇ ಕುಡಿದು ಬಂದೆ ಕಣೆ." ಅತ್ತೆ ತೀರಿಕೊಂಡ ಮೇಲೆ ಒಂದು ಮೈಸೂರು ರೇಷ್ಮೆ ಸೀರೆ ಕೊಟ್ಟೆ, ಕಾಲಿಗೆ ಬೀಳುತ್ತೇನೆ ಎಂದು ಹೆದರಿಸಿ. ಮುಂದಿನ ವಾರ ನಮ್ಮ ಬೀದಿಗೆ ಸೊಪ್ಪು ಮಾರಲು ಬರುವ ಮಾದಮ್ಮ ಆ ಸೀರೆ ಉಟ್ಟು ದಂಟಿನ ಸೊಪ್ಪು ಹೊತ್ತು ಬಂದಳು. ರೇಷ್ಮೆಯ ಸೆರಗಿನಲ್ಲಿ ಸೊಪ್ಪಿನ ನೀರು ತೊಟ್ಟಿಕ್ಕುತ್ತಿತ್ತು.

ಕೇಳಿದರೆ ಸ್ಟೆಲ್ಲಕ್ಕ ಹೇಳಿದ್ದು ಇಷ್ಟೇ: "ನನಗೆ ಇದ್ದಾವೆ ಕಣೆ. ದೇವರು ಕೊಟ್ಟದ್ದರಲ್ಲಿ ನನಗೆ ತೃಪ್ತಿ."

ತಮ್ಮ ತೀರಿಹೋದ ಮೇಲೆ ಜೆನ್ನಿಯನ್ನು ಸಾಕಿದವರು ಅವರೇ. ಕೊಡು, ಪ್ರೀತಿಸು, ಇದ್ದದ್ದರಲ್ಲಿ ಸುಖವಾಗಿರು, ಯಾರನ್ನೂ ಏನನ್ನೂ ಕೇಳಬೇಡ. ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಇದನ್ನು ಮಗ್ಗಿ ಹೇಳಿಸಿದ ಹಾಗೆ ಹೇಳಿಸುತ್ತಿದ್ದರಂತೆ. ಹಾಗೆ ಬೆಳೆದ ಹುಡುಗಿ ಒಂದು ದಿನ ಫೋನ್ ಮಾಡಿ ಅತ್ತಳು.

"ಅತ್ತೆ, ತಾತಿಕ್ ಮನೆ ಖಾಲಿ ಮಾಡು ಅಂದ್ಬುಟ್ರು. ಈಸ್ಟರ್ ಆದ್ಮೇಲೆ ಬೇರೆ ಕಡೆ ನೋಡ್ಕೋ ಅಂತ."

ತಾತಿಕ್ ಎಂದರೆ ಅವರ ಭಾಷೆಯಲ್ಲಿ ಅಜ್ಜಿ. ಅನಾಹಿತ್‌ರನ್ನು ಅವಳು ಹಾಗೇ ಕರೆಯುತ್ತಿದ್ದದ್ದು.

"ಏನೇ ಮಾಡಿದೆ?"

"ಏನೂ ಮಾಡಿಲ್ಲ ಅತ್ತೆ. ಏನೂ ಕೇಳೂ ಇಲ್ಲ!"

ಈಸ್ಟರ್ ಮುಗಿದ ಕೂಡಲೇ ಕೊನೇ ವರ್ಷದ ಪರೀಕ್ಷೆ. ಆ ಹೊತ್ತಿನಲ್ಲಿ ಪುಸ್ತಕದ ಮೂಟೆ ಹೊತ್ತು ಹುಡುಗಿ ಎಲ್ಲಿಗೆ ಹೋಗಬೇಕು? "ನಾನೇ ಹೋಗಿ ಆಯಮ್ಮನ ಕೈಕಾಲು ಹಿಡೀತೀನಿ" ಎಂದು ಸ್ಟೆಲ್ಲಕ್ಕ ಹೊರಟರು. ಎಪ್ಪತ್ತರ ಹತ್ತಿರದ ಜೀವವನ್ನು ಒಂಟಿಯಾಗಿ ಕಳಿಸಲು ನನಗೆ ಮನಸ್ಸಾಗಲಿಲ್ಲ. ನಮ್ಮವರಿಗೆ ಸಾರು ಮಾಡುವುದನ್ನು ಕಲಿಸಿ ನಾನೂ ಹೊರಟೆ. ಇವತ್ತಿಗೂ ಅವರು ಮಾಡಿದ ಆ ಸಾರಿನ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ.

ಆಕಾಶ

ವಿಮಾನ ಏರಿದ ಕೂಡಲೇ ಸ್ಟೆಲ್ಲಕ್ಕ ಕಿಟಕಿಯ ಸೀಟನ್ನು ಒಬ್ಬ ಸರದಾರಜಿಗೆ ಕೊಟ್ಟರು. ಹೊದಿಕೆಯನ್ನು ಹಿಂದಿನ ಸಾಲಿನ ಬಾಣಂತಿಗೆ ಕೊಟ್ಟರು. ಊಟದ ತಟ್ಟೆ ಬಂತು, ಅದನ್ನು ಸರದಾರಜಿಗೆ ತಳ್ಳಿದರು. ಅವರು ಬೇಡವೆಂದರೂ ಬಿಡದೆ ತಳ್ಳಿದರು. ಗಗನಸಖಿ ಬಂದು ನೋಡಿದಳು. ಈ ತಾಯಿಗೆ ಊಟವೇ ಸಿಕ್ಕಿಲ್ಲ! ಅಯ್ಯೋ ಎಂದು ಇನ್ನೊಂದು ತಟ್ಟೆ ತಂದಿಟ್ಟಳು. ಅದು ಬಾಣಂತಿಗೆ ಹೋಯಿತು. ಗಗನಸಖಿ ಮತ್ತೆ ಬಂದಳು, ಮತ್ತೆ ಖಾಲಿ. ಮೂರನೆಯದನ್ನು ತಂದು, ಸ್ಟೆಲ್ಲಕ್ಕ ತಿನ್ನುವವರೆಗೂ ಅಲುಗುವುದಿಲ್ಲವೆಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

ಸ್ಟೆಲ್ಲಕ್ಕ ಎರಡು ತುತ್ತು ತಿಂದರು, ಅಪರಾಧ ಮಾಡಿದವರ ಹಾಗೆ. ಸರದಾರಜಿ ಮಾತ್ರ ಎರಡು ಊಟ ಉಂಡು ಯೆರೆವಾನ್ ಬರುವ ತನಕ ತೇಗಿದರು.

ಮೈಸೂರುಪಾಕಿನ ದೇಶಸಂಚಾರ

ಮೇಲೆ ಹೋದ ಡಬ್ಬದ ಕಥೆ ಹೇಳಬೇಕು. ಐದನೇ ಮಹಡಿಯಲ್ಲಿ ಇದ್ದವರು ಗೆವೊರ್ಗ್ ಎಂಬ ಮುದುಕರು. ಸರ್ಕಸ್ಸಿನಲ್ಲಿ ಕುದುರೆ ಪಳಗಿಸುತ್ತಿದ್ದವರು. ಸರ್ಕಸ್ಸಿನ ಜೊತೆ ದೇಶ ದೇಶ ಸುತ್ತುವಾಗ ಕುದುರೆಗಳಿಗೆ ಹೇಳುತ್ತಲೇ ಇಂಗ್ಲಿಷ್ ಕಲಿತವರು. ಹಾಗಾಗಿ ಅವರ ಇಂಗ್ಲಿಷ್ ಎಲ್ಲಾ ಹುಕುಂ. "ಕೂರು! ತಿನ್ನು! ನಿಲ್ಲು!" ಇಷ್ಟರಲ್ಲೇ ಸಂಸಾರ. ಆದರೆ ಬಾಯಲ್ಲಿ ಹಲ್ಲಿಲ್ಲ. ನನ್ನ ಮೈಸೂರುಪಾಕೋ, ನಮ್ಮಜ್ಜಿ ಕಡಕೊಳದಲ್ಲಿ ಕಲಿಸಿದ ಹಳೇ ಕಾಲದ್ದು, ಗೂಡುಗೂಡಾಗಿ ಗಟ್ಟಿಯಾದದ್ದು. ಅವರು ಡಬ್ಬವನ್ನು ನೆಲಮಹಡಿಯ ಚಪ್ಪಲಿ ಹೊಲಿಯುವವರಿಗೆ ಕೊಟ್ಟರು. ಅವರೂ ಉಪವಾಸ. ಅವರು ಎರಡನೇ ಮಹಡಿಗೆ ಕೊಟ್ಟರು. ಎರಡನೇ ಮಹಡಿಯವರು, ನಾಲ್ಕನೇ ಮಹಡಿಗೆ ಯಾರೋ ಇಂಡಿಯಾದವರು ಬಂದಿದ್ದಾರಂತೆ, ಅವರಿಗೆ ಈ ತಿಂಡಿ ಇಷ್ಟವಾಗಬಹುದು ಎಂದು ನಮಗೇ ತಂದು ಕೊಟ್ಟರು!

ಡಬ್ಬದ ಮೇಲೆ ಒಂದು ತಟ್ಟೆ, ಅದರಲ್ಲಿ ಒಂದು ಬೊಗಸೆ ಆಕ್ರೋಟು ಇಟ್ಟಿದ್ದರು. ಖಾಲಿ ಪಾತ್ರೆ ಹಿಂದಕ್ಕೆ ಕೊಡಬಾರದು, ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು ಎನ್ನುವುದು ನಮ್ಮ ಕಡೆಯ ಶಾಸ್ತ್ರ. ಅವರದೂ ಅದೇ ಶಾಸ್ತ್ರ. ತುಂಬಿದ ಪಾತ್ರೆಯ ಮೇಲೂ ಹಾಕಿ ಕೊಡುವುದು ಮಾತ್ರ ನನಗೆ ಹೊಸದು.

ಅಲ್ಲಿಂದ ಯುದ್ಧ ಶುರು. ಆಕ್ರೋಟು ಬಂದ ತಟ್ಟೆಗೆ ಸ್ಟೆಲ್ಲಕ್ಕ ಕೋಡುಬಳೆ ತುಂಬಿ ಕಳಿಸಿದರು. ಕೋಡುಬಳೆಯ ತಟ್ಟೆ ಒಣ ಏಪ್ರಿಕಾಟ್ ಹೊತ್ತು ಬಂತು. ಏಪ್ರಿಕಾಟಿಗೆ ಚಟ್ನಿಪುಡಿ ಹೋಯಿತು. ಚಟ್ನಿಪುಡಿ ತಿಂದು ಚಪ್ಪಲಿ ಹೊಲಿಯುವವರ ಹೆಂಡತಿ ಕಣ್ಣೊರೆಸಿಕೊಳ್ಳುತ್ತಾ ಬಂದು ಸ್ಟೆಲ್ಲಕ್ಕನ ಎರಡೂ ಕೆನ್ನೆಗೆ ಮುತ್ತಿಟ್ಟು ಹೋದಳು. ಖಾರಕ್ಕೋ ಪ್ರೀತಿಗೋ ಗೊತ್ತಾಗಲಿಲ್ಲ.

ಆದರೆ ಅನಾಹಿತ್ ಕೊಟ್ಟದ್ದನ್ನು ಮಾತ್ರ ಸ್ಟೆಲ್ಲಕ್ಕ ಒಂದನ್ನೂ ಮುಟ್ಟಲಿಲ್ಲ. "ಆಯಮ್ಮನ ಹತ್ರ ಉಪಕಾರ ಕೇಳೋಕೆ ಬಂದಿದ್ದೀವಿ. ಅದರ ಮೇಲೆ ಭಾರನೂ ಹಾಕೋದಾ?" ಎನ್ನುತ್ತಿದ್ದರು. ಅನಾಹಿತ್ ಶಾಲು ಹೊದಿಸಿದರೆ ಮಡಚಿ ವಾಪಸ್ಸು. ಸೂಪು ಕೊಟ್ಟರೆ "ಹೊಟ್ಟೆ ತುಂಬಿದೆ ಅನ್ನು ಜೆನ್ನಿ." ಅನಾಹಿತ್ ತಮ್ಮ ಮಂಚವನ್ನೇ ಬಿಟ್ಟುಕೊಟ್ಟರು. ಬೆಳಿಗ್ಗೆ ಎದ್ದು ನೋಡುತ್ತೇನೆ, ಸ್ಟೆಲ್ಲಕ್ಕ ಮಂಚದ ಈ ಕಡೆ ನೆಲದ ಮೇಲೆ, ಅನಾಹಿತ್ ಆ ಕಡೆ ನೆಲದ ಮೇಲೆ. ಮಂಚದ ನಟ್ಟನಡುವೆ ಅನಾಹಿತ್‌ರ ಬೆಕ್ಕು, ಮಹಾರಾಜರ ಗತ್ತಿನಲ್ಲಿ ಮಲಗಿತ್ತು.

ಚರ್ಚಿನ ಬಾಗಿಲು

ಭಾನುವಾರ ಅನಾಹಿತ್ ನಮ್ಮನ್ನು ಚರ್ಚಿಗೆ ಕರೆದುಕೊಂಡು ಹೋದರು. ಕಲ್ಲಿನ ಕತ್ತಲೆ, ಮರಳಿನ ತಟ್ಟೆಯಲ್ಲಿ ಸಣ್ಣ ಸಣ್ಣ ಮೇಣದ ಬತ್ತಿ. ನಮ್ಮ ದೇವಸ್ಥಾನಗಳಲ್ಲಿ ಗರ್ಭಗುಡಿಗೆ ಬೆನ್ನು ತೋರಿಸದೆ ಎರಡು ಹೆಜ್ಜೆ ಹಿಂದೆ ಸರಿಯುತ್ತೇವಲ್ಲ, ಅಲ್ಲಿ ಬಾಗಿಲ ತನಕವೂ ಹಿಂದಕ್ಕೇ ನಡೆಯುತ್ತಾರೆ. ನಾನೂ ನಡೆದೆ. ಹಿಂದೆ ನಡೆದ ನಾನು, ಇನ್ನೊಂದು ಬದಿಯಿಂದ ಹಿಂದೆ ನಡೆದು ಬರುತ್ತಿದ್ದ ಒಬ್ಬ ದಪ್ಪ ಮಹನೀಯರಿಗೆ ಬಾಗಿಲಲ್ಲಿ ಹೆಗಲಿಗೆ ಹೆಗಲು ಡಿಕ್ಕಿ ಹೊಡೆದೆ. ಇಬ್ಬರೂ ತಿರುಗಿ ಕ್ಷಮೆ ಕೇಳುವ ಹಾಗಿಲ್ಲ, ದೇವರಿಗೆ ಬೆನ್ನಾಗುತ್ತದೆ. ಹಾಗೇ ಹೆಗಲಿನಲ್ಲೇ ನಮಸ್ಕಾರ ಹೇಳಿಕೊಂಡು ಹೊರಬಿದ್ದೆವು.

ಹೊರಗೆ ಚಳಿ ಮೂಳೆ ಕೊರೆಯುತ್ತಿತ್ತು. ಮೆಟ್ಟಿಲ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಭಿಕ್ಷೆಯವಳಿರಬೇಕೆಂದು ಸ್ಟೆಲ್ಲಕ್ಕ ತಮ್ಮ ಸ್ವೆಟರ್ ಬಿಚ್ಚಿ ಅವಳ ಹೆಗಲಿಗೆ ಹಾಕಿದರು. ಅವಳು ಭಿಕ್ಷೆಯವಳಲ್ಲ, ಬಸ್ಸಿಗೆ ಕಾಯುತ್ತಿದ್ದವಳು. ಸ್ವೆಟರನ್ನು ಒಮ್ಮೆ ನೋಡಿದಳು, ಸೀರೆಯಲ್ಲಿ ನಡುಗುತ್ತಿದ್ದ ಸ್ಟೆಲ್ಲಕ್ಕನನ್ನು ನೋಡಿದಳು, ತನ್ನ ತಲೆಯ ಮೇಲಿದ್ದ ಕುರಿಮರಿಯಷ್ಟು ದೊಡ್ಡ ತುಪ್ಪಳದ ಟೋಪಿ ತೆಗೆದು ಸ್ಟೆಲ್ಲಕ್ಕನಿಗೆ ಕಿವಿ ಮುಚ್ಚುವ ಹಾಗೆ ಒತ್ತಿ ಹಾಕಿದಳು. ಬಸ್ಸು ಬಂತು. ಹತ್ತಿಕೊಂಡು ಹೊರಟೇಹೋದಳು.

"ಅಯ್ಯಯ್ಯೋ, ತಗೊಂಡ್ಬುಟ್ನಲ್ಲೇ ಸಾವಿತ್ರಿ! ಓಡು, ವಾಪಸ್ ಕೊಡು!"

"ಬಸ್ಸಿನ ಹಿಂದೆ ಓಡೋ ವಯಸ್ಸೇನಕ್ಕ ನಂದು? ಹಾಕ್ಕೊಳ್ಳಿ, ಬೆಚ್ಚಗಿದೆ."

"ಬೆಚ್ಚಗಿರೋದೇ ಕಣೆ ಕಷ್ಟ" ಎಂದರು ಸ್ಟೆಲ್ಲಕ್ಕ, ನಿಜವಾಗಿ ಸಂಕಟದಿಂದ.

ಕಾಟನ್ ಸೀರೆ, ಹಣೆಯ ತನಕ ಇಳಿದ ತುಪ್ಪಳದ ಟೋಪಿ. ಪಕ್ಕದಲ್ಲಿ ನಡೆಯುತ್ತಿದ್ದ ಅನಾಹಿತ್ ಅವತ್ತು ಮೊದಲ ಸಲ ನಕ್ಕರು. ಮನೆ ಬಾಗಿಲ ಹತ್ತಿರ ಬಂದಾಗ ನಗು ನಿಂತಿತು. ಅಪರಿಚಿತಳ ಟೋಪಿ ಹಾಕಿಕೊಂಡವರು ತನ್ನ ಶಾಲು ಹೊದೆಯಲಿಲ್ಲವಲ್ಲ ಎನ್ನುವ ಹಾಗೆ ಒಂದು ಸಲ ನೋಡಿ, ಕೀಲಿ ತಿರುಗಿಸಿದರು.

ಐದನೇ ಮಹಡಿಯಿಂದ ಇಳಿದು ಬಂದವರು

ಆ ಮಧ್ಯಾಹ್ನ ಸ್ಟೆಲ್ಲಕ್ಕ ಧೈರ್ಯ ಮಾಡಿದರು. ಟೋಪಿ ತೆಗೆಯುವುದನ್ನೂ ಮರೆತು ಅನಾಹಿತ್‌ರ ಎದುರು ಕೂತು ಹೇಳಿದರು, "ಕೇಳು ಜೆನ್ನಿ. ನನ್ನ ಹುಡುಗಿ ಏನು ತಪ್ಪು ಮಾಡಿದಳು ಅಂತ ಕೇಳು."

ಜೆನ್ನಿ ಅವರ ಭಾಷೆಯಲ್ಲಿ ಕೇಳಿದಳು. ಅನಾಹಿತ್ ಮಾತು ಶುರು ಮಾಡಿದರು. ಕೈ ಬಾಗಿಲ ಕಡೆ ಹೋಯಿತು, ಒಲೆಯ ಕಡೆ ಹೋಯಿತು, ಎದೆಯ ಮೇಲೆ ಬಂತು. ದನಿ ಒಡೆಯಿತು. ಮಾತು ಮುಗಿಯುವ ಹೊತ್ತಿಗೆ ಏಪ್ರನ್ನಿನ ತುದಿ ಒದ್ದೆಯಾಗಿತ್ತು.

ಜೆನ್ನಿ ಹೇಳಿದಳು, "ರೂಮು ಬೇರೆಯವರಿಗೆ ಬೇಕಂತೆ."

"ಅಷ್ಟು ಹೊತ್ತು ಅತ್ತಿದ್ದು ಇಷ್ಟಕ್ಕೇನೇ?" ಎಂದೆ ನಾನು.

"ನಿಲ್ಲು!" ಎಂದು ಬಾಗಿಲಿನಿಂದ ಗುಡುಗು. ಗೆವೊರ್ಗ್, ಕೈಯಲ್ಲಿ ನಮ್ಮದೇ ಚಟ್ನಿಪುಡಿಯ ಡಬ್ಬ, ಅದರ ಮೇಲೆ ಏನೋ ಒಣಹಣ್ಣು. ಮೂವರೂ ಬೆಚ್ಚಿ ಎದ್ದು ನಿಂತೆವು. "ಕೂರು!" ಕೂತೆವು. ಆಮೇಲೆ ತಮ್ಮ ಕುದುರೆ ಇಂಗ್ಲಿಷಿನಲ್ಲಿ ಜೆನ್ನಿ ನುಂಗಿದ್ದನ್ನೆಲ್ಲ ಹೊರಗೆ ಹಾಕಿದರು.

"ಹುಡುಗಿ ಒಳ್ಳೆಯದು. ಬಹಳ ಒಳ್ಳೆಯದು. ಅದೇ ಕಷ್ಟ! ಬ್ರೆಡ್ ಕೊಡು, ಬೇಡ. ಸೂಪು ಕೊಡು, ಬೇಡ. ಚಳಿಗಾಲ, ಜ್ವರ. ಬಾಗಿಲು ಹಾಕಿತು. ನೀರು ಕೇಳಲಿಲ್ಲ. ಅನಾಹಿತ್ ಹೊರಗೆ, ಸೂಪು ಕೈಯಲ್ಲಿ, ಸೂಪು ತಣ್ಣಗೆ. ಈ ಮನೆಯಲ್ಲಿ ಬಾಡಿಗೆ ಇದೆ. ಮನುಷ್ಯ ಇಲ್ಲ. ಅನಾಹಿತ್ ಹೇಳುತ್ತಾಳೆ, ನನ್ನಿಂದ ಏನೂ ಬೇಡದವಳು ನನ್ನ ಮನೆಯಲ್ಲಿ ಯಾಕೆ? ಈಗ ಅತ್ತೆ ಬಂದಳು. ನೋಡಿದೆ. ಅತ್ತೆಯೂ ಅದೇ ಕುದುರೆ!"

ಸ್ಟೆಲ್ಲಕ್ಕ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಯಾಕೆ ಹೇಳಲಿಲ್ಲ ಜೆನ್ನಿ?" ಎಂದರು ಸ್ಟೆಲ್ಲಕ್ಕ.

"ಹೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ. ಜ್ವರದಲ್ಲಿ ನೀರು ಬೇಕಿತ್ತು ಅತ್ತೆ. ಕೇಳೋಕೆ ಬಾಯೇ ಬರಲಿಲ್ಲ. ನೀವು ಕೇಳಿದ್ದನ್ನ ನಾನು ಯಾವತ್ತೂ ನೋಡೇ ಇಲ್ಲವಲ್ಲ."

ಹೆಪ್ಪು

ಸ್ಟೆಲ್ಲಕ್ಕ ರೂಮಿಗೆ ಹೋಗಿ ಕೂತರು. ನಾನೂ ಹೋದೆ. ಜಪಮಾಲೆ ಕೈಯಲ್ಲಿತ್ತು, ಮಣಿ ಉರುಳುತ್ತಿರಲಿಲ್ಲ.

"ಸಾವಿತ್ರಿ, ಯೇಸುಸ್ವಾಮಿ ಒಂದು ಸಲ ಬಾವಿ ಕಟ್ಟೆ ಮೇಲೆ ಕೂತಿದ್ರು. ದಾರಿ ನಡೆದು ಸುಸ್ತಾಗಿತ್ತು. ನೀರಿಗೆ ಬಂದ ಹೆಂಗಸನ್ನ, ಕುಡಿಯೋಕೆ ನೀರು ಕೊಡಮ್ಮ ಅಂತ ಕೇಳಿದ್ರು ಕಣೆ. ಅವರಿಗೆ ನೀರಿಗೇನು ಬರ? ಆದ್ರೂ ಕೇಳಿದ್ರು. ಇಷ್ಟು ವರ್ಷ ಅದನ್ನ ಓದಿದೀನಿ. ಆಯಮ್ಮನಿಗೆ ಎಷ್ಟು ಖುಷಿಯಾಗಿರಬೇಕು ಅಂತ ಒಂದು ದಿನಾನೂ ಯೋಚನೆ ಮಾಡಲಿಲ್ಲ."

"ಹಂಗಾದ್ರೆ ನೀವೂ ಏನಾದ್ರೂ ಕೇಳಿ ಅಕ್ಕ."

"ಏನು ಕೇಳಲಿ? ನನಗೆ ಎಲ್ಲಾ ಇದೆ. ಟೋಪಿ ಬೇರೆ ಬಂದ್ಬುಟ್ಟಿದೆ."

ಊರು ಬಿಟ್ಟಾಗಿನಿಂದ ನನ್ನ ನಾಲಿಗೆ ಮೊಸರನ್ನಕ್ಕೆ ಹಾತೊರೆಯುತ್ತಿತ್ತು. ಸ್ವಾರ್ಥವೂ ಸೇರಿ ಹೇಳಿದೆ, "ಹೆಪ್ಪು ಕೇಳಿ. ನಮ್ಮೂರಲ್ಲಿ ಅದನ್ನ ಕೇಳೋಕೆ ಯಾರೂ ನಾಚಿಕೊಳ್ಳಲ್ಲ. ಅದು ಸಾಲನೂ ಅಲ್ಲ, ದಾನನೂ ಅಲ್ಲ. ವಾಪಸ್ ಕೊಡೋ ಹಂಗೂ ಇಲ್ಲ."

ಆ ಕೊನೇ ಮಾತಿಗೆ ಸ್ಟೆಲ್ಲಕ್ಕ ಬೆವರಿದರು. ಎದ್ದು, ಸೆರಗು ಸರಿ ಮಾಡಿಕೊಂಡು, ಪರೀಕ್ಷೆಗೆ ಹೋಗುವವರ ಹಾಗೆ ಅಡುಗೆಮನೆಗೆ ಹೋದರು. ಒಂದು ಬಟ್ಟಲು ಎತ್ತಿ ಅನಾಹಿತ್‌ರ ಮುಂದೆ ಚಾಚಿದರು.

"ಜೆನ್ನಿ, ಮೊಸರಿಗೆ ಹೆಪ್ಪು ಹಾಕಬೇಕು, ಒಂದು ಚಮಚ ಮೊಸರು ಬೇಕು ಅಂತ ಹೇಳಮ್ಮ. ನಮಗಿಲ್ಲ ಅಂತ ಹೇಳು."

"ಅತ್ತೆ, ಕೆಳಗೆ ಅಂಗಡೀಲೇ ಮೊಸರು..."

ನಾನು ಮೇಜಿನ ಕೆಳಗೆ ಅವಳ ಕಾಲು ತುಳಿದೆ. ಜೆನ್ನಿ ಕೇಳಿದಳು.

ಅನಾಹಿತ್ ಒಂದು ಗಳಿಗೆ ನಂಬಲಿಲ್ಲ. ಬಟ್ಟಲು ನೋಡಿದರು, ಸ್ಟೆಲ್ಲಕ್ಕನ ಮುಖ ನೋಡಿದರು. ಆಮೇಲೆ ಎರಡೂ ಕೈಯಲ್ಲಿ ಬಟ್ಟಲು ಇಸಿದುಕೊಂಡು ಫ್ರಿಜ್ಜಿಗೆ ಓಡಿದರು. ಬಾಗಿಲು ತೆಗೆದು ಹಾಗೇ ನಿಂತರು. ಉಪವಾಸದ ಮನೆ. ಒಂದು ಹನಿ ಮೊಸರಿರಲಿಲ್ಲ.

ಜನ್ಮದಲ್ಲಿ ಒಂದೇ ಒಂದು ಸಲ ಬಾಯಿಬಿಟ್ಟು ಕೇಳಿದರೆ, ಇಲ್ಲದ್ದನ್ನೇ ಕೇಳಬೇಕೇ!

ಆದರೆ ಅನಾಹಿತ್ ಸೋಲುವವರಲ್ಲ. ಬಟ್ಟಲು ಹಿಡಿದು ಹೊರಗೆ ಮೆಟ್ಟಿಲ ಬಳಿಗೆ ನುಗ್ಗಿ, ಕೆಳಗೂ ಮೇಲೂ ಕೇಳುವ ಹಾಗೆ ಕೂಗಿದರು. ಅಷ್ಟು ಸಣ್ಣ ದೇಹದಲ್ಲಿ ಅಷ್ಟು ದೊಡ್ಡ ದನಿ ಎಲ್ಲಿತ್ತೋ! ಬಾಗಿಲುಗಳು ಪಟಪಟ ತೆರೆದುಕೊಂಡವು. "ಇಂಡಿಯಾದವಳು ಕೇಳಿದಳು! ಇಂಡಿಯಾದವಳು ಮೊಸರು ಕೇಳಿದಳು!" ಎಂದು ಕೂಗುತ್ತಿದ್ದಾರೆ ಎಂದಳು ಜೆನ್ನಿ, ನಗುತ್ತಾ ಅಳುತ್ತಾ. ಗೆವೊರ್ಗ್ ಮೇಲಿನಿಂದ "ಓಡು! ಓಡು!" ಎಂದು ಯಾರಿಗೆ ಹೇಳುತ್ತಿದ್ದರೋ. ಚಪ್ಪಲಿ ಹೊಲಿಯುವವರ ಹೆಂಡತಿ ತವರಿಗೆ ಫೋನ್ ಮಾಡಿದಳು. ಎರಡನೇ ಮಹಡಿಯವರು ಬೀದಿಯಾಚೆಯ ಕಟ್ಟಡಕ್ಕೆ ಹೋದರು. ಬೆಂಕಿ ಬಿದ್ದರೂ ಆ ಕಟ್ಟಡ ಅಷ್ಟು ಬೇಗ ಖಾಲಿಯಾಗುತ್ತಿರಲಿಲ್ಲ.

ಸಂಜೆಯ ಒಳಗೆ ಮೇಜಿನ ಮೇಲೆ ಮೊಸರಿನ ಜಾಡಿಗಳು ಸಾಲಾಗಿ ನಿಂತವು. ಒಂದು ಹಸುವಿನದು, ಒಂದು ಕುರಿಯದು, ಒಂದು ಚಮಚ ನಿಲ್ಲಿಸಿದರೆ ನೆಟ್ಟಗೆ ನಿಲ್ಲುವಂಥದ್ದು. ಕೇಳಿದ್ದು ಒಂದು ಚಮಚ.

ಜೆನ್ನಿ ಕೆಳಗಿನ ಅಂಗಡಿಯಿಂದ ತಂದ ಹಾಲನ್ನು ಸ್ಟೆಲ್ಲಕ್ಕ ಉಗುರುಬೆಚ್ಚಗೆ ಮಾಡಿ ಹೆಪ್ಪು ಹಾಕಿದರು. ಮಾರನೇ ದಿನ ಅನ್ನ ಕಲಸಿ, ಸಾಸಿವೆ ಒಗ್ಗರಣೆ ಕೊಟ್ಟು, ನಾನೂ ಅವರೂ ಜೆನ್ನಿಯೂ ಉಂಡೆವು. ಹುಡುಕಿ ತಂದ ಅನಾಹಿತ್‌ಗೆ ಉಪವಾಸ, ತಿನ್ನುವಂತಿಲ್ಲ. ಎದುರಿಗೆ ಗಲ್ಲಕ್ಕೆ ಕೈಕೊಟ್ಟು ಕೂತು ಒಂದೊಂದು ತುತ್ತನ್ನೂ ನೋಡಿದರು. ಸ್ಟೆಲ್ಲಕ್ಕನಿಗೆ ನೆತ್ತಿ ಹತ್ತಿದಾಗ ತಾವೇ ಎದ್ದು ನೀರು ಕುಡಿಸಿದರು. ಸ್ಟೆಲ್ಲಕ್ಕ ಕುಡಿದರು.

ಆಮೇಲೆ ಅನಾಹಿತ್ ಜೆನ್ನಿಯ ಕಡೆ ತಿರುಗಿ ಏನೋ ಕೇಳಿದರು.

"ನಾಳೆ ಏನು ತಿಂತೀಯ ಅಂತ ಕೇಳ್ತಿದ್ದಾರೆ" ಎಂದಳು ಜೆನ್ನಿ. ಅವಳ ಬಾಯಿ "ಬೇಡ" ಎಂಬ ಮಾತಿಗೆ ತೆರೆದು, ಹಾಗೇ ನಿಂತು, ಬೇರೆ ಮಾತಿಗೆ ತಿರುಗಿತು. ಆಲೂಗಡ್ಡೆ ಹುರಿದು ಕೊಡಿ ಎಂದಳು. ಒಂದು ಕ್ಷಣ ಬಿಟ್ಟು, ಈರುಳ್ಳಿ ಜಾಸ್ತಿ ಹಾಕಿ ಎಂದೂ ಸೇರಿಸಿದಳಂತೆ.

ಅನಾಹಿತ್ ಆಲೂಗಡ್ಡೆಯ ಬುಟ್ಟಿ ಆಗಲೇ ಎಳೆದುಕೊಂಡರು. ರೂಮಿನ ಮಾತು ಎತ್ತಿದವರು ಆಗಷ್ಟೇ ಮೇಲಿನಿಂದ ಇಳಿದು ಬಂದ ಗೆವೊರ್ಗ್. ಅನಾಹಿತ್ ಸಿಪ್ಪೆ ಹೆರೆಯುತ್ತಲೇ, ತಲೆ ಎತ್ತದೆ ಏನೋ ಅಂದರು. ಗೆವೊರ್ಗ್ ನಮ್ಮ ಕಡೆ ತಿರುಗಿ ಜೆನ್ನಿಗೆ ಬೆರಳು ತೋರಿಸಿದರು.

"ಇರು!"

ಆಮೇಲೆ

ನಾವು ಊರಿಗೆ ಬಂದೆವು. ಜೆನ್ನಿ ಪರೀಕ್ಷೆ ಪಾಸು ಮಾಡಿದಳು, ಊರಿಗೆ ಬರಲು ಟಿಕೆಟ್ಟನ್ನೂ ತೆಗೆಸಿದಳು. ಹೊರಡುವ ವಾರ ಅನಾಹಿತ್ ಅವಳ ರೂಮಿನ ಬಾಗಿಲು ತಟ್ಟಿದರಂತೆ. ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿಸಬೇಕು, ಒಬ್ಬಳೇ ಹೋಗಲು ಹೆದರಿಕೆ, ಜೊತೆಗೆ ಬರುತ್ತೀಯಾ ಎಂದು ಕೇಳಿದರಂತೆ. ಜೆನ್ನಿ ಟಿಕೆಟ್ ರದ್ದು ಮಾಡಿ ಆಸ್ಪತ್ರೆಗೆ ಹೋದಳು. ಬೇಸಿಗೆ ಪೂರ್ತಿ ಅಲ್ಲೇ ಉಳಿದು, ಹೊತ್ತು ಹೊತ್ತಿಗೆ ಅವರ ಕಣ್ಣಿಗೆ ಔಷಧ ಹಾಕಿದಳು.